ಪಿಗ್ಮಿ ಲಿಸ್ಟಿಗೆ ಬೀಗ ಹಾಕಿದ್ದು

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಸಣ್ಣ ಕಚೇರಿಯಲ್ಲಿ ಸಹಕಾರಿ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತೇವೆ. ಅದರ ಜೀವಾಳ ಪಿಗ್ಮಿ, ಅಂದರೆ ದಿನದಿನದ ಸಣ್ಣ ಉಳಿತಾಯ. 1928ರಲ್ಲಿ ಉಡುಪಿಯ ಬ್ಯಾಂಕೊಂದು (ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು) ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಸಂಗ್ರಹಿಸಲು ಶುರು ಮಾಡಿದ ಆ ಪದ್ಧತಿ ಕರಾವಳಿಯ ಪೇಟೆಗಳಲ್ಲಿ ಇಂದಿಗೂ ಉಳಿದಿದೆ. ಏಜೆಂಟರು ಹಗಲೆಲ್ಲ ಅಂಗಡಿ ಅಂಗಡಿ ತಿರುಗಿ, ಸಂಜೆ ತಮ್ಮ ಕೈಯಂತ್ರವನ್ನು ಸಂಘದ ಕಂಪ್ಯೂಟರಿಗೆ ಜೋಡಿಸುತ್ತಾರೆ. ಆ ದಿನದ ರಸೀದಿಗಳೆಲ್ಲ ಜಾವಾ ಭಾಷೆಯಲ್ಲಿರುವ ನಮ್ಮ ಫ್ರೇಮ್‌ವರ್ಕಿನ (ನಮ್ಮ ಪ್ರೋಗ್ರಾಂಗಳೆಲ್ಲ ನಿಂತಿರುವ ಮೂಲ ಕೋಡು) ಒಂದು ಲಿಸ್ಟಿಗೆ ಬಂದು ಸೇರುತ್ತವೆ.

ಆ ಲಿಸ್ಟನ್ನು ಕೊಡುವ ಮೆಥಡ್, ಅಂದರೆ ಹೆಸರು ಹಿಡಿದು ಕರೆಯುವ ಕೋಡಿನ ತುಂಡು, ‘ಗೆಟ್‌ಎಂಟ್ರೀಸ್’. ಅದು ಒಳಗಿದ್ದ ಅರೇಲಿಸ್ಟನ್ನೇ (ಜಾವಾದ ಒಂದು ಬಗೆಯ ಲಿಸ್ಟ್) ಎತ್ತಿ ಕೇಳಿದವರ ಕೈಗೆ ಕೊಡುತ್ತಿತ್ತು. ಒಂದು ಸಂಜೆ ವರದಿಯ ಪರದೆ ಆ ಲಿಸ್ಟನ್ನು ಮೊತ್ತದ ಪ್ರಕಾರ ಜೋಡಿಸಿತು. ಬಳಿಕ ಮುದ್ರಣವಾದ ದಿನವಹಿಯಲ್ಲಿ ರಸೀದಿ ಸಂಖ್ಯೆಗಳು ಅಡ್ಡಾದಿಡ್ಡಿಯಾಗಿದ್ದವು. ಹಣದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇರಲಿಲ್ಲ. ಆದರೆ ರಸೀದಿ ಹಿಂದುಮುಂದಾದರೆ ಮೊದಲ ಅನುಮಾನ ಏಜೆಂಟರ ಮೇಲೆಯೇ ಬೀಳುತ್ತದೆ. ತಪ್ಪು ನಮ್ಮದು, ಉತ್ತರ ಕೊಡಬೇಕಾದವರು ಅವರು. ಅದು ನನ್ನನ್ನು ಬಹಳ ಕೊರೆಯಿತು.

ಲಿಸ್ಟಿನ ನಕಲು ಕೊಟ್ಟರಾಯಿತು ಎಂದು ಜೊತೆಯವರು ಹೇಳಿದರು. ನಾನು ಒಪ್ಪಲಿಲ್ಲ. ಯಾರಾದರೂ ಆ ಲಿಸ್ಟಿಗೆ ಸಾಲು ಸೇರಿಸುತ್ತಿದ್ದರೆ, ಇನ್ನು ಮುಂದೆ ಅದು ನಕಲಿಗೆ ಸೇರಿ, ಸದ್ದಿಲ್ಲದೆ ಮಾಯವಾಗುತ್ತದೆ. ಬದಲಾಯಿಸಲು ಬಾರದ ಲಿಸ್ಟ್ ಕೊಟ್ಟರೆ ಪ್ರೋಗ್ರಾಂ ಎಕ್ಸೆಪ್ಷನ್ (ದೋಷದ ಸೂಚನೆ) ಎಸೆದು ನಿಂತುಬಿಡುತ್ತದೆ. ಲೆಕ್ಕದ ಕೆಲಸದಲ್ಲಿ ಮೌನವಾದ ತಪ್ಪಿಗಿಂತ ಅದು ಎಷ್ಟೋ ಮೇಲು. ಆದರೂ ಸಂಜೆ ಆರು ಗಂಟೆಗೆ ಏಜೆಂಟರು ಸಾಲಾಗಿ ನಿಂತಿರುವಾಗ ಪರದೆ ಕೆಟ್ಟು ನಿಲ್ಲುವುದನ್ನು ನಾನು ಸಹಿಸಲಾರೆ.

ಬದಲಾಯಿಸಲು ಬಾರದ ಲಿಸ್ಟ್ ಕೊಡಲೆಂದು, ಮೆಥಡ್ ಹಿಂದಿರುಗಿಸುವ ವಿಧವನ್ನು ಅರೇಲಿಸ್ಟ್‌ನಿಂದ ‘ಲಿಸ್ಟ್’ ಎಂಬ ಸಾಮಾನ್ಯ ವಿಧಕ್ಕೆ ಬದಲಿಸುವುದೂ ಸಾಧ್ಯವಿರಲಿಲ್ಲ. ನಮ್ಮ ಕೋಡನ್ನು ಮತ್ತೆ ಕಂಪೈಲ್ ಮಾಡಿದರೆ ಹೆಚ್ಚಿನ ಕಡೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಕಂಪೈಲ್ ಆದ ಜಾವಾ ಕೋಡಿನಲ್ಲಿ ಹಿಂದಿರುಗಿಸುವ ವಿಧವೂ ಮೆಥಡಿನ ಗುರುತಿನ ಭಾಗ. ಸಂಘಗಳಲ್ಲಿ ವರ್ಷಗಳ ಹಿಂದೆ ಕೂರಿಸಿದ ಹಳೆಯ ಜಾರ್ ಫೈಲ್‌ಗಳು (ಕಂಪೈಲ್ ಆದ ಕೋಡಿನ ಕಟ್ಟುಗಳು) ಆ ಮೆಥಡನ್ನು ಹುಡುಕಿ, ಸಿಗದೆ, ‘ನೋಸಚ್‌ಮೆಥಡ್‌ಎರರ್’ ಕೊಡುತ್ತವೆ. 2014ರಲ್ಲಿ ಜಾವಾ 8 ಬಂದಾಗ, ಹಳೆಯ ಕ್ಲಾಸುಗಳು ಮುರಿಯದಂತೆ ಲಿಸ್ಟಿನಂಥ ಕಲೆಕ್ಷನ್‌ಗಳಿಗೆ ಹೊಸ ಮೆಥಡ್ ಸೇರಿಸಲೆಂದೇ ಇಂಟರ್‌ಫೇಸಿನಲ್ಲಿ (ಕ್ಲಾಸಿನಲ್ಲಿ ಯಾವ ಮೆಥಡ್‌ಗಳು ಇರಬೇಕೆಂದು ಹೇಳುವ ಕರಾರು) ಡಿಫಾಲ್ಟ್ ಮೆಥಡ್ ಎಂಬ ಸೌಲಭ್ಯ ತಂದರು. ಭಾಷೆಯನ್ನು ಕಟ್ಟುವವರೇ ಅಷ್ಟು ಎಚ್ಚರ ವಹಿಸಿರುವಾಗ ನಾವು ಅವಸರ ಮಾಡುವುದು ಸರಿಯಲ್ಲ.

ಆದ್ದರಿಂದ ಮೊದಲು ಕಾವಲು ಕೂರಿಸಿದೆ. ಅರೇಲಿಸ್ಟನ್ನೇ ವಿಸ್ತರಿಸಿದ ಒಂದು ಕ್ಲಾಸ್ ಬರೆದು ಒಳಗಿನ ಲಿಸ್ಟಿನ ಜಾಗದಲ್ಲಿ ಇಟ್ಟೆ. ಹೊರಗಿನವರು ಸೇರಿಸಿದರೂ ತೆಗೆದರೂ ಕೆಲಸ ಮೊದಲಿನಂತೆಯೇ ನಡೆಯುತ್ತದೆ. ಯಾವ ಕ್ಲಾಸಿನ ಯಾವ ಸಾಲಿನಿಂದ ಕರೆ ಬಂತು ಎಂಬುದಷ್ಟೇ ಲಾಗಿನಲ್ಲಿ ದಾಖಲಾಗುತ್ತದೆ. ಮೊದಲ ವಾರ ಲಾಗಿನಲ್ಲಿ ವರದಿಯ ಪರದೆಯ ಹೆಸರೇ ಇರಲಿಲ್ಲ! ನಾನು ‘ಆ್ಯಡ್’, ‘ರಿಮೂವ್’, ‘ಸೆಟ್’ (ಸೇರಿಸುವ, ತೆಗೆಯುವ, ಬದಲಿಸುವ ಮೆಥಡ್‌ಗಳು) ಮೂರನ್ನು ಮಾತ್ರ ಕಾಯುತ್ತಿದ್ದೆ. ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಅರೇಲಿಸ್ಟಿನ ‘ಸಾರ್ಟ್’ ಜಾವಾ 8ರಿಂದ ಈಚೆಗೆ ‘ಸೆಟ್’ ಅನ್ನು ಕರೆಯುವುದೇ ಇಲ್ಲ, ಒಳಗಿನ ಅರೇಯನ್ನೇ ನೇರವಾಗಿ ಜೋಡಿಸುತ್ತದೆ. ಷರತ್ತಿಗೆ ಸಿಕ್ಕ ಸಾಲುಗಳನ್ನು ತೆಗೆಯುವ ‘ರಿಮೂವ್‌ಇಫ್’ ಕೂಡ ಹಾಗೆಯೇ. ಒಂದೊಂದನ್ನೂ ಹುಡುಕಿ ಬಾಗಿಲು ಮುಚ್ಚಿದೆ.

ಮಾರ್ಚ್ 31 ಕಳೆಯುವ ತನಕ ಕಾಯಲೇಬೇಕೆಂದು ಪಟ್ಟು ಹಿಡಿದೆ, ಏಕೆಂದರೆ ಕೆಲವು ಪ್ರೋಗ್ರಾಂಗಳು ವರ್ಷಾಂತ್ಯಕ್ಕೆ ಮಾತ್ರ ಓಡುತ್ತವೆ. ಅಂದು ರಾತ್ರಿ ಲಾಗಿನಲ್ಲಿ ಒಂದು ಹೊಸ ಸಾಲು ಬಂತು. ಬಡ್ಡಿ ಲೆಕ್ಕದ ಪ್ರೋಗ್ರಾಂ ಸೊನ್ನೆ ಮೊತ್ತದ ರಸೀದಿಗಳನ್ನು ಲಿಸ್ಟಿನಿಂದ ತೆಗೆದುಹಾಕುತ್ತಿತ್ತು. ಅದನ್ನು ಬರೆದು ಈಗ ನಿವೃತ್ತರಾಗಿರುವ ಹಿರಿಯರಿಗೆ ಫೋನ್ ಮಾಡಿದೆ. “ಅದಕ್ಕೆ ಕೈ ಹಾಕಬೇಡಿ ಮಾರಾಯರೇ, ಅಂಗಡಿ ಮುಚ್ಚಿದ್ದ ದಿನ ಏಜೆಂಟರು ಸೊನ್ನೆ ಒತ್ತುತ್ತಾರೆ. ಆ ಸಾಲು ಉಳಿದರೆ ಕಂತು ಕಟ್ಟಿದ ದಿನಗಳ ಎಣಿಕೆ ಹೆಚ್ಚಾಗುತ್ತದೆ” ಎಂದರು. ನಕಲು ಕೊಟ್ಟಿದ್ದರೆ ಆ ವರ್ಷದ ಎಣಿಕೆಯೇ ತಪ್ಪುತ್ತಿತ್ತು, ಒಂದೇ ಒಂದು ದೋಷಸಂದೇಶವೂ ಬಾರದೆ.

ಆ ಕೆಲಸಕ್ಕೆ ಫ್ರೇಮ್‌ವರ್ಕಿನಲ್ಲೇ ಹೆಸರಿಟ್ಟು ಪ್ರತ್ಯೇಕ ಮೆಥಡ್ ಬರೆದೆ. ಓದಲು ಮಾತ್ರ ಬರುವ ಲಿಸ್ಟಿಗೆ ಇನ್ನೊಂದು. ಅದಕ್ಕೆ ಬದಲಾಗದ ನಕಲು ಕೊಡುವ ಜಾವಾದ ‘ಲಿಸ್ಟ್.ಕಾಪಿಆಫ್’ ಬಳಸಲಿಲ್ಲ: ರದ್ದಾದ ರಸೀದಿಗಳ ಜಾಗದಲ್ಲಿ ನಮ್ಮಲ್ಲಿ ನಲ್ (ಏನೂ ಇಲ್ಲ ಎಂಬ ಗುರುತು) ಇರುತ್ತದೆ, ‘ಕಾಪಿಆಫ್’ ನಲ್ ಅನ್ನು ಒಪ್ಪುವುದಿಲ್ಲ. ‘ಅನ್‌ಮಾಡಿಫೈಯಬಲ್‌ಲಿಸ್ಟ್’ ಒಪ್ಪುತ್ತದೆ. ಹಳೆಯ ‘ಗೆಟ್‌ಎಂಟ್ರೀಸ್’ ಅನ್ನು ಡಿಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂದು ಗುರುತಿಸಿ ಇದ್ದಲ್ಲೇ ಬಿಟ್ಟೆ. ಹೊರಗಿನವರು ಲಿಸ್ಟನ್ನು ಬದಲಿಸದಂತೆ ಬೀಗ ಹಾಕುವ ಸೆಟ್ಟಿಂಗ್ ಸಂಘಕ್ಕೊಂದರಂತೆ ಇದೆ. ಲಾಗ್ ಪೂರ್ತಿ ಒಂದು ಲೆಕ್ಕವರ್ಷ ಖಾಲಿಯಾಗಿದ್ದ ಸಂಘದಲ್ಲಿ ಮಾತ್ರ ಅದನ್ನು ಹಾಕುತ್ತೇನೆ. ಎರಡು ಸಂಘಗಳಲ್ಲಿ ಇನ್ನೂ ಹಾಕಿಲ್ಲ. ಅಲ್ಲಿನ ಲಾಗನ್ನು ಪ್ರತಿ ಸೋಮವಾರ ಬೆಳಿಗ್ಗೆ ನಾನೇ ತೆರೆದು ಓದುತ್ತೇನೆ.