ಸನ್‌ಡ್ಯೂ ಕ್ರಾಸ್ ಮಾಡಬೇಕಾ? ಹೂ ಮುಚ್ಚುವ ಮೊದಲು ಕೈ ಹಾಕಿ

ಸನ್‌ಡ್ಯೂನಂಥ ಹುಳ ಹಿಡಿದು ತಿನ್ನುವ ಗಿಡ ಅಂದ ಕೂಡಲೇ ಎಲ್ಲೋ ಹೊರದೇಶದ್ದು ಅಂದುಕೊಳ್ಳುವವರೇ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಚಿರೆಕಲ್ಲಿನ ಬೋಳುಗುಡ್ಡ ಹತ್ತಿ, ನೀರು ಜಿನುಗುವ ಕಡೆ ಸ್ವಲ್ಪ ಬಗ್ಗಿ ನೋಡಿ. ದಾರದಂಥ ಎಲೆ, ಎಲೆ ತುಂಬ ಅಂಟು ಹನಿ. ಅದೇ ಡ್ರೊಸೆರಾ ಇಂಡಿಕಾ, ಸನ್‌ಡ್ಯೂ ಕುಟುಂಬದ್ದೇ. ನೋಡಿ, ಫೋಟೊ ತೆಗೆಯಿರಿ, ಕೀಳಬೇಡಿ. ಒಂದು ಮಳೆಗಾಲದಲ್ಲಿ ಹುಟ್ಟಿ ಬೀಜ ಬಿಟ್ಟು ಸಾಯುವ ಗಿಡ ಅದು, ಬೇರು ಅಲುಗಿದರೆ ಬದುಕುವುದು ಕಷ್ಟ.

ಕ್ರಾಸ್ ಮಾಡಲು, ಅಂದರೆ ಎರಡು ಜಾತಿ ಕೂಡಿಸಿ ಹೊಸ ಗಿಡ ಪಡೆಯಲು, ಹೊರಟವರಿಗೆ ನಾನು ಹೇಳುವ ಜೋಡಿ ಬೇರೆ. ಒಂದು ದಕ್ಷಿಣ ಆಫ್ರಿಕಾದ ಡ್ರೊಸೆರಾ ಕೇಪೆನ್ಸಿಸ್, ಪಟ್ಟಿಯಂಥ ಉದ್ದ ಎಲೆಯದ್ದು. ಇನ್ನೊಂದು ನೆಲಕ್ಕೆ ಅಂಟಿಕೊಂಡು ಬೆಳೆಯುವ, ಪುಟ್ಟ ಚಮಚೆ ಎಲೆಯ ಡ್ರೊಸೆರಾ ಸ್ಪ್ಯಾಚುಲಾಟಾ. ಎರಡಕ್ಕೂ 40 ಕ್ರೋಮೋಸೋಮ್ (ವರ್ಣತಂತು), ಲೆಕ್ಕ ಹೊಂದುತ್ತದೆ. ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಹಟ ಮಾಡುವುದಿಲ್ಲ.

ಮೊದಲು ನೀರು. ಮಳೆನೀರೇ ಬೇಕು. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದಲ್ವಾ, ಆ ನೀರು ಹಾಕಿದರೆ ಗಿಡ ನಿಧಾನಕ್ಕೆ ಕೆಡುತ್ತದೆ. ಮೊದಲ ಎರಡು ಮೂರು ಮಳೆಗೆ ಮಾಡಿನ ಕಸ, ಧೂಳು ಎಲ್ಲ ಇಳಿದು ಹೋಗಲಿ, ಆಮೇಲೆ ಡ್ರಮ್ ಇಡಿ. ಮುಚ್ಚಳ ಹಾಕಿ ಇಟ್ಟರೆ ಬೇಸಿಗೆಗೂ ಆಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ 50ರ ಕೆಳಗೆ ತೋರಿಸಬೇಕು.

ಕುಂಡ ಪ್ಲಾಸ್ಟಿಕ್‌ದೇ ಇರಲಿ. ಪೀಟ್ ಮಾಸ್ (ಜೌಗು ನೆಲದ ಕೊಳೆತ ಪಾಚಿ) ಮತ್ತು ಪರ್ಲೈಟ್ (ಹಗುರ ಬಿಳಿ ಕಲ್ಲಿನ ಕಾಳು) ಸಮ ಸಮ. ಕೋಕೋಪೀಟ್ ಅಗ್ಗ ಅಂತ ಆಸೆಪಟ್ಟರೆ ಮಳೆನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು, ಅದರಲ್ಲೂ ಉಪ್ಪಿರುತ್ತದೆ. ಕಾರವಾರದವರು ಬೀಚಿನ ಮರಳು ಪುಕ್ಕಟೆ ಅಂತ ತರಬೇಡಿ. ಸಗಣಿ ಗೊಬ್ಬರ, ಯೂರಿಯಾ, ಎರೆಗೊಬ್ಬರ ಯಾವುದೂ ಬೇಡ. ಸಾರವಿಲ್ಲದ ಮಣ್ಣಿಗೆ ಒಗ್ಗಿದ ಬೇರು ಅವುಗಳದ್ದು, ಹೊಟ್ಟೆಗೆ ಬೇಕಾದ್ದನ್ನು ಎಲೆಯಿಂದ ತಗೊಳ್ಳುತ್ತವೆ. ತಟ್ಟೆಯಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ ಕುಂಡ ಅದರಲ್ಲಿಡಿ. ಬೆಳಗಿನ ಬಿಸಿಲು ನಾಲ್ಕು ತಾಸಾದರೂ ಬೀಳಲಿ. ಏಪ್ರಿಲ್-ಮೇ ಮಧ್ಯಾಹ್ನಕ್ಕೆ ಕರಾವಳಿಯಲ್ಲಿ ನೆರಳು ಬೇಕೇ ಬೇಕು, ಶಿರಸಿ ಕಡೆ ಅಷ್ಟು ತಲೆಬಿಸಿ ಇಲ್ಲ.

ಈಗ ಮುಖ್ಯ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕ್ರಾಸ್ ವಿಚಾರ ಬಿಟ್ಟುಬಿಡಿ. ಮೋಡ ಕವಿದ ದಿನ ಎಷ್ಟೋ ಸನ್‌ಡ್ಯೂ ಹೂ ಅರಳುವುದೇ ಇಲ್ಲ. ಮೊಗ್ಗು ಮುಚ್ಚಿಕೊಂಡೇ ತನ್ನ ಪರಾಗ ತಾನೇ ಬಳಿದುಕೊಂಡು ಬೀಜ ಕಟ್ಟುತ್ತದೆ. ಮಳೆ ಕಳೆದು ಬಿಸಿಲು ಬಂದ ಮೇಲೆ ಶುರು ಮಾಡಿ.

ಹೂಕಾಂಡ ಚೇಳಿನ ಬಾಲದ ಹಾಗೆ ಸುರುಳಿಯಾಗಿ ಏಳುತ್ತದೆ. ಬುಡದಿಂದ ಮೇಲಕ್ಕೆ ಹೂ ಅರಳುತ್ತಾ ಹೋಗುತ್ತವೆ, ದಿನಕ್ಕೆ ಒಂದೋ ಎರಡೋ. ಬೆಳಿಗ್ಗೆ ತೆರೆದ ಹೂ ಕೆಲವೇ ತಾಸಲ್ಲಿ ಮುಚ್ಚಿಕೊಳ್ಳುತ್ತದೆ, ಮುಚ್ಚುವಾಗ ಪರಾಗ ಹೊತ್ತ ಎಳೆಗಳು, ಅಂದರೆ ಕೇಸರಗಳು, ಒಳಗೆ ಒತ್ತಿ ಸ್ವಂತ ಪರಾಗವೇ ತಾಗಿಬಿಡುತ್ತದೆ. ನಿಮಗೆ ಸಿಗುವುದು ಈ ಮಧ್ಯದ ಸಮಯ ಅಷ್ಟೇ. ಶಿರಸಿ, ಸಿದ್ದಾಪುರ ಕಡೆ ವೆನಿಲ್ಲಾ ಹೂವಿಗೆ ಬೆಳಿಗ್ಗೆ ಬೆಳಿಗ್ಗೆ ಕಡ್ಡಿ ಹಿಡಿದು ಓಡಾಡಿದವರಿಗೆ ಈ ಅವಸರ ಗೊತ್ತಿರುತ್ತದೆ. ಆದರೆ ವೆನಿಲ್ಲಾ ಹೂ ತನ್ನ ಪರಾಗ ತಾನೇ ಬಳಿದುಕೊಳ್ಳುವುದಿಲ್ಲ, ಇದು ಬಳಿದುಕೊಂಡುಬಿಡುತ್ತದೆ.

ಕೇಪೆನ್ಸಿಸ್ ಅನ್ನೇ ತಾಯಿ ಮಾಡಿ. ಅದರ ಹೂ ದೊಡ್ಡದು, ಕೈ ಆಡುತ್ತದೆ. ಹೂ ಬಾಯಿ ಬಿಡುತ್ತಿರುವಾಗಲೇ ಸಣ್ಣ ಮೊನೆಯ ಚಿಮಟದಿಂದ ಐದೂ ಕೇಸರ ಕಿತ್ತು ಹಾಕಿ. ಹಳದಿ ಪುಡಿ ಉದುರಲು ಶುರುವಾಗಿದ್ದರೆ ಆ ಹೂ ಬಿಟ್ಟುಬಿಡಿ, ನಾಳೆ ಇನ್ನೊಂದು ಅರಳುತ್ತದೆ. ನಡುವೆ ಬಿಳಿಯ ಶಲಾಕೆಗಳು (ಹೂವಿನ ಹೆಣ್ಣು ಭಾಗದ ಎಳೆಗಳು) ಕವಲೊಡೆದು ಹರಡಿಕೊಂಡಿರುತ್ತವೆ. ಸ್ಪ್ಯಾಚುಲಾಟಾದಿಂದ ಒಂದು ಕೇಸರ ಕಿತ್ತು, ಚಿಮಟದಲ್ಲಿ ಹಿಡಿದೇ, ಆ ಕವಲುಗಳ ತುದಿಗೆ ಮೆತ್ತಗೆ ಉಜ್ಜಿ. ತುದಿ ಹಳದಿಯಾದರೆ ಸಾಕು. ಮಾಡಿದ ಹೂವಿಗೆ ಬಣ್ಣದ ದಾರ ಕಟ್ಟಿ, ಆ ಕಾಂಡದ ಉಳಿದ ಮೊಗ್ಗುಗಳನ್ನು ಚಿವುಟಿ. ಇಲ್ಲದಿದ್ದರೆ ಅವುಗಳ ಬೀಜವೂ ಉದುರಿ ಯಾವುದು ಯಾವುದರದ್ದು ಅಂತ ಗೊತ್ತಾಗುವುದಿಲ್ಲ.

ಒಂದೂವರೆ ತಿಂಗಳ ಒಳಗೆ ಕಾಯಿ ಒಣಗಿ ಕಪ್ಪಾಗುತ್ತದೆ. ಬಿಳಿ ಹಾಳೆಯ ಮೇಲೆ ತಟ್ಟಿ, ಫ್ಯಾನ್ ಆಫ್ ಮಾಡಿ! ಬೀಜ ಅಷ್ಟು ಸಣ್ಣದು. ಒದ್ದೆ ಪೀಟ್ ಮೇಲೆ ಸುಮ್ನೆ ಉದುರಿಸಿ, ಮಣ್ಣು ಮುಚ್ಚಬೇಡಿ, ಬೆಳಕು ಬಿದ್ದರೇ ಮೊಳಕೆ. ಕೆಲವು ವಾರ ಹಿಡಿಯುತ್ತದೆ.

ಮರಿ ದೊಡ್ಡದಾದಾಗ ಎಲೆ ಪಟ್ಟಿಯೂ ಅಲ್ಲದೆ ಚಮಚೆಯೂ ಅಲ್ಲದೆ ನಡುವಿನ ಆಕಾರದಲ್ಲಿದ್ದರೆ ಕ್ರಾಸ್ ಆಗಿದೆ. ಬರೀ ಕೇಪೆನ್ಸಿಸ್ ಥರ ಬಂದರೆ ಹೂ ನಿಮಗಿಂತ ಮೊದಲೇ ಕೆಲಸ ಮುಗಿಸಿತ್ತು ಅಂತ. ಬಿಳಿ ಹೂವಿನ ಕೇಪೆನ್ಸಿಸ್ ಸಿಕ್ಕರೆ ಅದನ್ನೇ ತಾಯಿ ಮಾಡಿ, ಗುಲಾಬಿ ಹೂವಿನ ಸ್ಪ್ಯಾಚುಲಾಟಾವನ್ನು ತಂದೆ ಮಾಡಿ. ಮರಿ ಗುಲಾಬಿ ಹೂ ಬಿಟ್ಟರೆ ಅನುಮಾನವೇ ಇಲ್ಲ.

ಹೀಗೆ ಕ್ರಾಸ್ ಆಗಿ ಹುಟ್ಟಿದ ಹೈಬ್ರಿಡ್‌ಗಳು ಬಹುಪಾಲು ಬಂಜೆ. ಜಪಾನಿನ ಡ್ರೊಸೆರಾ ಟೊಕಾಯೆನ್ಸಿಸ್ ಒಂದು ಅಪವಾದ. 20 ಕ್ರೋಮೋಸೋಮಿನ ರೊಟಂಡಿಫೋಲಿಯಾ, 40ರ ಸ್ಪ್ಯಾಚುಲಾಟಾ ತಮ್ಮ ತಮ್ಮ ಅರ್ಧ ಕೊಟ್ಟು 30 ಆಗಿ, ಆಮೇಲೆ ಲೆಕ್ಕ ದುಪ್ಪಟ್ಟಾಗಿ 60 ಆಯಿತು, ಬೀಜವೂ ಕಟ್ಟುತ್ತದೆ. ನಿಮ್ಮದು ಕಟ್ಟದಿದ್ದರೆ ಬೇಸರ ಬೇಡ. ಒಂದು ಬಲಿತ ಎಲೆಯನ್ನು ಬುಡ ಸಮೇತ ಎಳೆದು ತೆಗೆದು, ಮುಚ್ಚಳವಿರುವ ಡಬ್ಬಿಯಲ್ಲಿ ಮಳೆನೀರಿನ ಮೇಲೆ ತೇಲಿಬಿಡಿ. ನೇರ ಬಿಸಿಲು ಬೇಡ, ಬೆಳಕು ಬೇಕು. ತಿಂಗಳು ಕಳೆಯುವ ಹೊತ್ತಿಗೆ ಎಲೆಯ ಮೈಮೇಲೆ ಹಸಿರು ಚುಕ್ಕೆ ಎದ್ದು, ಸಾಸಿವೆ ಗಾತ್ರದ ಗಿಡಗಳು ಕಾಣುತ್ತವೆ, ಆ ಗಾತ್ರದಲ್ಲೇ ಕೂದಲು, ಹನಿ ಎಲ್ಲ ಇರುತ್ತದೆ. ಬೇರು ಬಂದ ಮೇಲೆ ಪೀಟ್‌ಗೆ ಇಳಿಸಿ.

ಸಸ್ಯಹೇನು ಹತ್ತಿದರೆ ಕುಂಡ ಸಮೇತ ಒಂದೆರಡು ದಿನ ಮಳೆನೀರಿನಲ್ಲಿ ಮುಳುಗಿಸಿಡಿ, ಔಷಧಿ ಬೇಡ. ಹನಿ ತೊಳೆದು ಹೋಗುತ್ತದೆ, ಮತ್ತೆ ಬರುತ್ತದೆ.

ಚೀಟಿ ಬರೆಯುವಾಗ ತಾಯಿಯ ಹೆಸರು ಮೊದಲು, ನಡುವೆ ಗುಣಾಕಾರ ಚಿಹ್ನೆ, ಆಮೇಲೆ ತಂದೆ, ಕೆಳಗೆ ತಾರೀಕು. ನಿಜಕ್ಕೂ ಬೇರೆ ಥರದ ಗಿಡ ಬಂದಿದ್ದರೆ ಅದಕ್ಕೊಂದು ಸ್ವಂತ ಹೆಸರನ್ನೂ ಕೊಡಬಹುದು. ನೋಂದಣಿ ಮಾಡುವುದು ಇಂಟರ್‌ನ್ಯಾಷನಲ್ ಕಾರ್ನಿವೋರಸ್ ಪ್ಲಾಂಟ್ ಸೊಸೈಟಿ. ಅವರು ವಿವರಣೆ ಮತ್ತು ಫೋಟೊ ಕೇಳುತ್ತಾರೆ, ಹಾಗಾಗಿ ಮೊದಲ ಎಲೆಯಿಂದಲೇ ಫೋಟೊ ತೆಗೆದಿಡಿ.