ನ್ಯಾಟೊ ಸೇರಲು ಹೊರಟ ದೇಶವನ್ನು ಓದುವುದು ಹೇಗೆ: ಮೊದಲು ಪಕ್ಕದವರನ್ನು ನೋಡಿ

ಧಾರವಾಡದಲ್ಲಿ ಕೆಎಎಸ್, ಯುಪಿಎಸ್‌ಸಿಗೆ ಓದುವವರಿಗೆ ನಾನು ಅಂತರರಾಷ್ಟ್ರೀಯ ಸಂಬಂಧಗಳ ಪಾಠ ಮಾಡುತ್ತೇನೆ. ಪೂರ್ವ ಯುರೋಪು ಬಂತೆಂದರೆ ಎಲ್ಲರೂ ಅಮೆರಿಕ, ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೊವನ್ನು ಯಾರು ಯಾವಾಗ ಸೇರಿದರು ಎಂಬ ವರ್ಷಗಳನ್ನು ಉರು ಹೊಡೆಯುತ್ತಾರೆ. 1999ರಲ್ಲಿ ಪೋಲೆಂಡ್, ಹಂಗೇರಿ, ಜೆಕ್. 2004ರಲ್ಲಿ ಬಾಲ್ಟಿಕ್‌ನ ಮೂರು, ಜೊತೆಗೆ ಇನ್ನೂ ನಾಲ್ಕು. ಸರಿ. ಆದರೆ ಮ್ಯಾಸಿಡೋನಿಯಾ ನ್ಯಾಟೊ ಸೇರಲು 2020ರವರೆಗೆ ಯಾಕೆ ಕಾಯಬೇಕಾಯಿತು ಎಂದು ಕೇಳಿದರೆ ಕ್ಲಾಸು ಗಪ್‌ಚುಪ್. ‘ಭ್ರಷ್ಟಾಚಾರ ಇತ್ತು ಮೇಡಂ’ ಎಂದು ಯಾರೋ ಅಂದಾಜಿಗೆ ಹೇಳುತ್ತಾರೆ. ಭ್ರಷ್ಟಾಚಾರ ಬಲ್ಗೇರಿಯಾ, ರುಮೇನಿಯಾದಲ್ಲೂ ಇತ್ತು. ಅವು 2004ರಲ್ಲೇ ಒಳಗೆ ಹೋದವಲ್ಲ?

ಇಂಥ ಸುದ್ದಿ ಬಂದಾಗಲೆಲ್ಲ ನಾನು ಬಳಸುವ ಕ್ರಮ ಇಲ್ಲಿದೆ. ಪರೀಕ್ಷೆ ಬರೆಯದವರಿಗೂ ಉಪಯೋಗವಾದೀತು.

ಎರಡು ಅಂಕಣ ಎಳೆಯಿರಿ

ಒಂದು ನ್ಯಾಟೊಗೆ, ಇನ್ನೊಂದು ಐರೋಪ್ಯ ಒಕ್ಕೂಟಕ್ಕೆ. ಇವೆರಡನ್ನೂ ಕಲಸಿಬಿಟ್ಟರೆ ಮುಂದಿನದು ಯಾವುದೂ ಅರ್ಥವಾಗದು. ನ್ಯಾಟೊ ಕೇಳುವುದು ಮುಖ್ಯವಾಗಿ ಸೇನೆ, ಗಡಿ, ಸರ್ಕಾರದ ಸ್ವಭಾವ. ಒಕ್ಕೂಟಕ್ಕೆ 1993ರ ಕೋಪನ್‌ಹೇಗನ್ ಷರತ್ತುಗಳಿವೆ: ಗಟ್ಟಿ ಪ್ರಜಾಪ್ರಭುತ್ವ, ಪೈಪೋಟಿ ತಡೆದುಕೊಳ್ಳುವ ಮಾರುಕಟ್ಟೆ, ಒಕ್ಕೂಟದ ಕಾನೂನನ್ನೆಲ್ಲ ಜಾರಿ ಮಾಡುವ ಶಕ್ತಿ. ಆ ಕಾನೂನಿನ ಮಾತುಕತೆ ಈಗ 35 ಅಧ್ಯಾಯಗಳಷ್ಟಿದೆ. ಮೀನುಗಾರಿಕೆಯಿಂದ ಕಸ್ಟಮ್ಸ್‌ವರೆಗೆ ಎಲ್ಲವೂ ಅದರಲ್ಲಿದೆ.

ಸಾಮಾನ್ಯವಾಗಿ ನ್ಯಾಟೊ ಅಂಕಣ ಮೊದಲು ತುಂಬುತ್ತದೆ. ಪೋಲೆಂಡ್‌ಗೆ ಅದು 1999, ಒಕ್ಕೂಟ 2004. ಅಲ್ಬೇನಿಯಾ 2009ರಲ್ಲೇ ನ್ಯಾಟೊ ಸೇರಿತು, ಒಕ್ಕೂಟದೊಂದಿಗೆ ಅದರ ಮಾತುಕತೆ ಮಾತ್ರ ಮುಗಿದಿಲ್ಲ. ಸರ್ಬಿಯಾದ್ದು ಬೇರೆಯೇ ದಾರಿ. ಅಲ್ಲಿನ ಸಂಸತ್ತು 2007ರಲ್ಲಿ ಸೈನಿಕ ತಟಸ್ಥ ನೀತಿ ಘೋಷಿಸಿತು. ಒಕ್ಕೂಟದ ಜೊತೆ ಮಾತ್ರ 2014ರಿಂದ ಮಾತುಕತೆ ನಡೆಸುತ್ತಿದೆ.

ಮನೆಯೊಳಗಿನ ಲೆಕ್ಕ ಬೇಗ ಮುಗಿಸಿ

ಸೋವಿಯತ್ ಬಣದ ಸೇನಾ ಕೂಟವಾಗಿದ್ದ ವಾರ್ಸಾ ಒಪ್ಪಂದ ಮುಗಿದದ್ದು 1991ರ ಜುಲೈ 1ಕ್ಕೆ. ಆದರೆ ಸೈನಿಕರು ಅಂದೇ ಗಂಟುಮೂಟೆ ಕಟ್ಟಲಿಲ್ಲ. ಎಸ್ಟೋನಿಯಾ, ಲಾಟ್ವಿಯಾಗಳಿಂದ ರಷ್ಯಾದ ಸೇನೆ ಹೊರಡಲು 1994ರ ಆಗಸ್ಟ್ 31 ಆಯಿತು. ಅದಕ್ಕೇ ಮೊದಲ ಪ್ರಶ್ನೆ: ಆ ದೇಶದಲ್ಲಿ ಬೇಡದ ವಿದೇಶಿ ಸೇನೆ ಇನ್ನೂ ಇದೆಯೇ? ಎರಡನೆಯದು: ಸೇನೆ ಯಾರ ಮಾತು ಕೇಳುತ್ತದೆ? ಕಮ್ಯುನಿಸ್ಟ್ ಕಾಲದಲ್ಲಿ ಅದು ಪಕ್ಷದ ಕೈಯಲ್ಲಿತ್ತು. ಅದನ್ನು ಚುನಾಯಿತ ಸರ್ಕಾರದ ಕೈಗೆ ತರಬೇಕಿತ್ತು. ಹೊಸಬರನ್ನು ಸೇರಿಸಿಕೊಳ್ಳುವ ಬಗ್ಗೆ 1995ರಲ್ಲಿ ನ್ಯಾಟೊ ಹೊರತಂದ ಅಧ್ಯಯನ ಇದನ್ನು ಹೇಳಿತು. ಗಡಿ ಜಗಳ, ಜನಾಂಗೀಯ ಜಗಳಗಳನ್ನು ಶಾಂತಿಯಿಂದ ಬಗೆಹರಿಸಿಕೊಂಡು ಬನ್ನಿ ಎಂದೂ ಹೇಳಿತು.

ಎಸ್ಟೋನಿಯಾ ಇದನ್ನು ಸರಿಯಾಗಿ ಓದಿಕೊಂಡಿತು. ರಷ್ಯಾ ಜೊತೆ ಮಾಡಿಕೊಂಡ 1920ರ ತಾರ್ತು ಒಪ್ಪಂದದ ಗಡಿಯೇ ಬೇಕೆಂಬ ಹಟವನ್ನು 90ರ ದಶಕದಲ್ಲೇ ಸಡಿಲಿಸಿತು. ಸ್ಲೊವಾಕಿಯಾ ಓದಿಕೊಳ್ಳಲಿಲ್ಲ. ಪ್ರಧಾನಿ ವ್ಲಾದಿಮಿರ್ ಮೆಚಿಯಾರ್ ಆಡಳಿತದ ರೀತಿ ನೋಡಿ ನ್ಯಾಟೊದ 1997ರ ಮ್ಯಾಡ್ರಿಡ್ ಸಭೆಯಲ್ಲಿ ಅದನ್ನು ಕರೆಯಲಿಲ್ಲ. 1998ರ ಚುನಾವಣೆಯಲ್ಲಿ ಸರ್ಕಾರ ಬದಲಾಯಿತು, 2004ರಲ್ಲಿ ಒಳಗೆ ಬಂತು. ಇಂಥವನ್ನು ಪತ್ರಿಕೆಗಳು ಚೆನ್ನಾಗಿಯೇ ಬರೆಯುತ್ತವೆ, ಜಾಸ್ತಿ ಹೊತ್ತು ಬೇಡ.

ಈಗ ಬೇಲಿಯಾಚೆ ನೋಡಿ

ನ್ಯಾಟೊ, ಒಕ್ಕೂಟ ಎರಡೂ ಕಡೆ ತೀರ್ಮಾನ ಸರ್ವಾನುಮತದ್ದು. ನಮ್ಮಲ್ಲಿ ಪಿತ್ರಾರ್ಜಿತ ಜಮೀನಿನ ಪಾಲುಪತ್ರ ಇರುವಂತೆ. ಹತ್ತು ಮಂದಿ ಹೂಂ ಅಂದರೂ ಒಬ್ಬ ಸಹಿ ಹಾಕದೆ ಕೂತರೆ ಕೆಲಸ ಕೆಟ್ಟಿತು. ಹಾಗಾಗಿ ಭೂಪಟ ತೆಗೆದು, ಅರ್ಜಿ ಹಾಕಿದ ದೇಶದ ಸುತ್ತ ಈಗಾಗಲೇ ಸದಸ್ಯರಾದವರು ಯಾರು, ಅವರಿಗೆ ಇದರ ಮೇಲೆ ಏನು ಸಿಟ್ಟು ಎಂದು ಬರೆದುಕೊಳ್ಳಿ. ನನ್ನ ಕ್ರಮದ ಜೀವ ಇರುವುದು ಇಲ್ಲೇ.

ಮ್ಯಾಸಿಡೋನಿಯಾ ನೋಡಿ. ರಾಜಧಾನಿ ಸ್ಕೋಪ್ಯೆ, ಮದರ್ ತೆರೇಸಾ ಹುಟ್ಟಿದ ಊರು. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು. ಗ್ರೀಸಿನ ಉತ್ತರದ ಪ್ರಾಂತ್ಯದ ಹೆಸರೂ ಮ್ಯಾಸಿಡೋನಿಯಾ. ಈ ಹೆಸರಿಟ್ಟುಕೊಂಡು ನಾಳೆ ನಮ್ಮ ನೆಲವನ್ನೂ ಕೇಳುತ್ತಾರೆ ಎಂದಿತು ಗ್ರೀಸ್. 1994ರಲ್ಲಿ ವ್ಯಾಪಾರ ದಿಗ್ಬಂಧನ ಹಾಕಿತು. 1995ರಲ್ಲಿ ಒಂದು ಮಧ್ಯಂತರ ಒಪ್ಪಂದವಾಯಿತು. ಮ್ಯಾಸಿಡೋನಿಯಾ ಧ್ವಜ ಬದಲಿಸಿತು. ‘ಹಿಂದಿನ ಯುಗೊಸ್ಲಾವ್ ಗಣರಾಜ್ಯ ಮ್ಯಾಸಿಡೋನಿಯಾ’ ಎಂಬ ಉದ್ದನೆಯ ಹೆಸರಿನಲ್ಲಿ ಸಂಘಟನೆಗಳನ್ನು ಸೇರುವುದಾದರೆ ಅಡ್ಡಿ ಮಾಡುವುದಿಲ್ಲ ಎಂದು ಗ್ರೀಸ್ ಒಪ್ಪಿತು.

ಆದರೂ ನ್ಯಾಟೊದ 2008ರ ಬುಕಾರೆಸ್ಟ್ ಸಭೆಯಲ್ಲಿ ಅಡ್ಡಿ ಮಾಡಿತು. ಕ್ರೊಯೇಷಿಯಾ, ಅಲ್ಬೇನಿಯಾಗೆ ಆಹ್ವಾನ ಹೋಯಿತು, ಇದಕ್ಕಿಲ್ಲ. ಅಂತರರಾಷ್ಟ್ರೀಯ ನ್ಯಾಯಾಲಯ 2011ರ ಡಿಸೆಂಬರ್‌ನಲ್ಲಿ ಗ್ರೀಸ್ ಮಾಡಿದ್ದು ತಪ್ಪು ಎಂದಿತು, 15-1ರ ಬಹುಮತದಲ್ಲಿ. ಕೇಸು ಗೆದ್ದರೂ ಆಹ್ವಾನ ಬರಲಿಲ್ಲ. ಸರ್ವಾನುಮತದ ಮುಂದೆ ಕೋರ್ಟಿನ ಕಾಗದಕ್ಕೆ ಎಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಂಟು ಬಿಚ್ಚಿದ್ದು 2018ರ ಜೂನ್ 17ರಂದು, ಪ್ರೆಸ್ಪಾ ಸರೋವರದ ದಂಡೆಯಲ್ಲಿ. ಜೊರಾನ್ ಜಾಯೆವ್, ಅಲೆಕ್ಸಿಸ್ ಸಿಪ್ರಾಸ್ ಇಬ್ಬರೂ ಪ್ರಧಾನಿಗಳು ಅಲ್ಲಿದ್ದರು. ದೇಶದ ಹೆಸರು ಇನ್ನು ಉತ್ತರ ಮ್ಯಾಸಿಡೋನಿಯಾ. ಇಂಥ ಫೋಟೊ ನೋಡಿ ಸುಮ್ನೆ ಕೈತೊಳೆದುಕೊಳ್ಳಬೇಡಿ. ಅಲ್ಲಿಂದ ಸಂಖ್ಯೆಗಳ ಆಟ ಶುರು. ಸೆಪ್ಟೆಂಬರ್ 30ರ ಜನಮತದಲ್ಲಿ ಮತ ಹಾಕಿದವರಲ್ಲಿ ಶೇ 90ಕ್ಕೂ ಹೆಚ್ಚು ಜನ ಹೌದು ಎಂದರು. ಆದರೆ ಮತಗಟ್ಟೆಗೆ ಬಂದವರೇ ಶೇ 37ರಷ್ಟು, ಬೇಕಿದ್ದದ್ದು 50. ಸರ್ಕಾರ ಸಂಸತ್ತಿಗೆ ಹೋಯಿತು. ಸಂವಿಧಾನ ತಿದ್ದಲು 120ರಲ್ಲಿ 80 ಮತ ಬೇಕು. 2019ರ ಜನವರಿಯಲ್ಲಿ ಸಿಕ್ಕಿದ್ದು 81. ಅದರಲ್ಲಿ ವಿರೋಧ ಪಕ್ಷದಿಂದ ಬಂದ ಕೈಗಳೂ ಇದ್ದವು. 2017ರಲ್ಲಿ ಸಂಸತ್ತಿಗೆ ನುಗ್ಗಿದ ಗಲಾಟೆಯ ಆರೋಪಿಗಳಲ್ಲಿ ಕೆಲವರಿಗೆ ಕ್ಷಮಾದಾನ ಕೊಡುವ ಕಾನೂನು ಆಗಷ್ಟೇ ಬಂದಿತ್ತು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ನೀವೇ ಯೋಚಿಸಿ. ಅತ್ತ ಅಥೆನ್ಸ್‌ನಲ್ಲಿ ಸಿಪ್ರಾಸ್‌ರ ಮಿತ್ರಪಕ್ಷ ಸರ್ಕಾರ ಬಿಟ್ಟುಹೋಯಿತು. 300ರಲ್ಲಿ 153 ಮತ ಪಡೆದು ಒಪ್ಪಂದ ಬದುಕಿತು.

ಆಮೇಲೆ ಪ್ರತಿ ಸದಸ್ಯ ದೇಶವೂ ಒಪ್ಪಿಗೆ ಕೊಡಬೇಕು. ಅಮೆರಿಕದ ಸೆನೆಟ್‌ನಲ್ಲಿ ಇದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಮೊದಲು ಒಪ್ಪಿದ್ದು ಅದೇ ಗ್ರೀಸ್. ಕೊನೆಯದು ಸ್ಪೇನ್, ಕೊರೊನಾ ಲಾಕ್‌ಡೌನ್ ನಡುವೆ. 2020ರ ಮಾರ್ಚ್ 27ರಂದು ಉತ್ತರ ಮ್ಯಾಸಿಡೋನಿಯಾ 30ನೇ ಸದಸ್ಯ ದೇಶವಾಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಎರಡನೇ ಅಂಕಣಕ್ಕೆ, ಅಂದರೆ ಒಕ್ಕೂಟದ ದಾರಿಗೆ, ಇನ್ನೊಬ್ಬ ನೆರೆಯವ ಅಡ್ಡ ನಿಂತ. ನಿಮ್ಮ ಭಾಷೆ, ನಿಮ್ಮ ಚರಿತ್ರೆ ನಮ್ಮದರಿಂದಲೇ ಬಂದದ್ದು ಎಂದು ಬಲ್ಗೇರಿಯಾ ತಕರಾರು ತೆಗೆಯಿತು. 2022ರಲ್ಲಿ ಫ್ರಾನ್ಸ್ ಒಂದು ರಾಜಿ ಸೂತ್ರ ತಂದಿತು. ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸಿ ಎಂಬುದು ಅದರ ಷರತ್ತು. ಅಂದರೆ ಮತ್ತೆ 80 ಕೈಗಳು ಬೇಕು. ಆ ತಿದ್ದುಪಡಿಯನ್ನು ವಿರೋಧಿಸಿದ ಪಕ್ಷವೇ 2024ರ ಚುನಾವಣೆ ಗೆದ್ದಿತು. ಅದುವರೆಗೆ ಇದರ ಜೊತೆಗೇ ಕಟ್ಟಿಹಾಕಿದ್ದ ಅಲ್ಬೇನಿಯಾವನ್ನು ಒಕ್ಕೂಟ ಅದೇ ವರ್ಷ ಬಿಡಿಸಿ ಮುಂದೆ ಕಳಿಸಿತು.

ಬಲ್ಗೇರಿಯಾವೂ ಒಂದು ಕಾಲದಲ್ಲಿ ಹೀಗೇ ಹೊರಗೆ ಕಾದು ನಿಂತಿತ್ತು. ಸ್ಲೊವೇನಿಯಾ ಕೂಡ ಅಷ್ಟೆ. ಒಳಗೆ ಹೋದ ಮೇಲೆ ಪಿರಾನ್ ಕೊಲ್ಲಿಯ ಗಡಿಗಾಗಿ ಅದು ಕ್ರೊಯೇಷಿಯಾದ ಮಾತುಕತೆ ನಿಲ್ಲಿಸಿತ್ತು. ನಿಮ್ಮ ನೆರೆಯವರ ಪಟ್ಟಿಯಲ್ಲಿ ಹೊಸದಾಗಿ ಒಳಗೆ ಹೋದವರಿಗೆ ಒಂದು ಅಡಿಗೆರೆ ಹಾಕಿಡಿ.

ಕೈ ಪಳಗಲು ಎರಡು ದೇಶ

ಮೊದಲು ಮೊಲ್ಡೊವಾ. ಸಂವಿಧಾನದಲ್ಲೇ ತಟಸ್ಥ ನೀತಿ ಇದೆ, ಅದರಿಂದ ಸಿಡಿದು ನಿಂತ ಟ್ರಾನ್ಸ್‌ನಿಸ್ಟ್ರಿಯಾ ಪ್ರದೇಶದಲ್ಲಿ ರಷ್ಯಾದ ಸೈನಿಕರಿದ್ದಾರೆ. ನ್ಯಾಟೊ ಅಂಕಣ ಖಾಲಿ ಬಿಡಿ. ಒಕ್ಕೂಟದ ಅಂಕಣದಲ್ಲಿ 2022ರ ಅಭ್ಯರ್ಥಿ ಸ್ಥಾನ, 2024ರ ಮಾತುಕತೆ, ಅದೇ ವರ್ಷ ಕೂದಲೆಳೆಯಲ್ಲಿ ಗೆದ್ದ ಜನಮತ ಬರೆಯಿರಿ. ಒಳಗಿರುವ ನೆರೆಯವರು ರುಮೇನಿಯಾ, ತುಂಬಾ ಬೆಂಬಲ. ಹಾಗಿದ್ದೂ 2025ರಲ್ಲಿ ಗಾಡಿ ನಿಂತಿತು. ಯಾಕೆಂದರೆ ಮೊಲ್ಡೊವಾದ ಕಡತವನ್ನು ಉಕ್ರೇನ್ ಕಡತಕ್ಕೆ ಜೋಡಿಸಿದ್ದರು, ಉಕ್ರೇನ್ ಮೇಲೆ ಹಂಗೇರಿಯ ತಕರಾರಿತ್ತು. ಹೀಗೆ ನೆರೆಯ ದೇಶದ ನೆರೆಯವರನ್ನೂ ನೋಡಬೇಕಾಗುತ್ತದೆ.

ಆಮೇಲೆ ಜಾರ್ಜಿಯಾ. ಇಲ್ಲಿ ನನ್ನ ಕ್ರಮ ಅರ್ಧಕ್ಕೇ ನಿಲ್ಲುತ್ತದೆ. 2023ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ಸ್ಥಾನ ಕೊಟ್ಟರು. ಸದಸ್ಯ ನೆರೆಯವರು ಯಾರೂ ತಡೆದಿರಲಿಲ್ಲ. 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರವೇ 2028ರ ಕೊನೆಯವರೆಗೆ ಮಾತುಕತೆ ಬೇಡ ಎಂದಿತು. ಆ ರಾತ್ರಿಯೇ ಜನ ತ್ಬಿಲಿಸಿಯ ರುಸ್ತಾವೆಲಿ ಬೀದಿಗೆ ಇಳಿದರು. ಈ ದೇಶದ ಮಟ್ಟಿಗೆ ಆ ಬೀದಿಯ ಸುದ್ದಿ ಮೊದಲು ಓದಿ, ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನದು ಆಮೇಲೆ.