ಎರಡು ಸ್ವಿಚ್ಚಿಗೆ ಒಂದೇ ಲಿಂಕ್: ವಿಪಿಸಿ ಕಟ್ಟೋದು ಹೇಗೆ

ಸರ್ವರ್‌ನ ಎರಡೂ ಕೇಬಲ್ ಒಂದೇ ಸ್ವಿಚ್ಚಿಗೆ ಹಾಕಿದ್ರೆ ಆ ಸ್ವಿಚ್ ಸತ್ತ ದಿನ ಎರಡೂ ಹೋಗುತ್ತೆ, ಅದಕ್ಕೇ ಒಂದೊಂದನ್ನ ಒಂದೊಂದು ಸ್ವಿಚ್ಚಿಗೆ ಹಾಕಿ ಸರ್ವರ್ ಕಣ್ಣಿಗೆ ಒಂದೇ ಸ್ವಿಚ್ ಇದೆ ಅನ್ನೋ ಹಾಗೆ ಮಾಡೋದು. ಸಿಸ್ಕೋ ನೆಕ್ಸಸ್‌ನಲ್ಲಿ ಇದು ವಿಪಿಸಿ (ವರ್ಚುವಲ್ ಪೋರ್ಟ್ ಚಾನೆಲ್), ಬೇರೆ ಕಡೆ ಎಂಲ್ಯಾಗ್ ಅಂತಾರೆ.

ಮೊದ್ಲು ಎರಡರಲ್ಲೂ ಎಲ್‌ಎಸಿಪಿ (ಹಲವು ಕೇಬಲ್‌ಗಳನ್ನ ಒಂದಾಗಿ ಸೇರಿಸೋ ಪ್ರೋಟೋಕಾಲ್), ವಿಪಿಸಿ ಫೀಚರ್ ಆನ್ ಮಾಡಿ, ಒಂದೇ ಡೊಮೇನ್ ನಂಬರ್ (ಈ ಜೋಡಿಯ ಗುರುತು) ಕೊಡಿ. ಆಮೇಲೆ ಕೀಪ್‌ಅಲೈವ್, ಅಂದ್ರೆ ಎರಡು ಸ್ವಿಚ್ ಒಂದಕ್ಕೊಂದು ‘ಬದುಕಿದೀನಿ’ ಅಂತ ಕಳಿಸೋ ಸಣ್ಣ ಸಂದೇಶ. ಇದನ್ನ ಮ್ಯಾನೇಜ್‌ಮೆಂಟ್ ಪೋರ್ಟ್ ಮೇಲೆ ಓಡಿಸಿ, ಪೀರ್ ಲಿಂಕ್ (ಎರಡು ಸ್ವಿಚ್ ನಡುವಿನ ನೇರ ಲಿಂಕ್) ಮೇಲೆ ಮಾತ್ರ ಬೇಡ, ಯಾಕಂದ್ರೆ ಪೀರ್ ಲಿಂಕ್ ಬಿದ್ದಾಗ ಪಕ್ಕದವನು ಬದುಕಿದಾನಾ ಅಂತ ನೋಡೋಕೇ ಇದು ಇರೋದು. ಬದುಕಿದ್ರೆ ಸೆಕೆಂಡರಿ (ಜೋಡಿಯಲ್ಲಿ ಎರಡನೇ ಸ್ಥಾನದ ಸ್ವಿಚ್) ತನ್ನ ವಿಪಿಸಿ ಪೋರ್ಟ್‌ಗಳನ್ನ ತಾನೇ ಮುಚ್ಕೊಳ್ಳುತ್ತೆ, ಕೀಪ್‌ಅಲೈವ್ ಮೊದಲೇ ಸತ್ತಿದ್ರೆ ಇಬ್ರೂ ನಾನೇ ಯಜಮಾನ ಅಂತ ಕೂತ್ಕೋತಾರೆ, ಅಲ್ಲಿಗೆ ನಿಮ್ಮ ನಿದ್ದೆ ಕೆಟ್ಟ ಹಾಗೇ.

ಪೀರ್ ಲಿಂಕ್‌ಗೆ ಕನಿಷ್ಠ ಎರಡು ಪೋರ್ಟ್ ಇರ್ಲಿ, ಟ್ರಂಕ್ ಮಾಡಿ, ಬೇಕಾದ ವಿಲ್ಯಾನ್ (ಒಂದೇ ಸ್ವಿಚ್ಚಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ಎಲ್ಲಾ ಅದರಲ್ಲಿ ಹೋಗೋಕೆ ಬಿಡಿ. ಸರ್ವರ್ ಕಡೆ ಪೋರ್ಟನ್ನ ಪೋರ್ಟ್ ಚಾನೆಲ್ (ಪೋರ್ಟ್‌ಗಳನ್ನ ಒಂದಾಗಿಸಿದ ಗುಂಪು) 10ಕ್ಕೆ ಆಕ್ಟಿವ್ ಮೋಡಲ್ಲಿ ಸೇರಿಸಿ, ಅದರೊಳಗೆ ‘ವಿಪಿಸಿ 10’ ಹೊಡೀರಿ, ಈ ವಿಪಿಸಿ ನಂಬರ್ ಎರಡೂ ಸ್ವಿಚ್ಚಲ್ಲಿ ಒಂದೇ ಇರ್ಬೇಕು.

‘ಶೋ ವಿಪಿಸಿ’ಯಲ್ಲಿ ಕನ್ಸಿಸ್ಟೆನ್ಸಿ ಫೇಲ್ (ಎರಡು ಸ್ವಿಚ್ಚಿನ ಸೆಟ್ಟಿಂಗ್ ಹೊಂದ್ತಿಲ್ಲ) ಅಂತ ಬಂದ್ರೆ ನಾನು ಮೊದ್ಲು ನೋಡೋದು ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ), ಎಸ್‌ಟಿಪಿ (ಲೂಪ್ ತಡೆಯೋ ಪ್ರೋಟೋಕಾಲ್) ಮೋಡ್. ಎಲ್ಲಾ ಸರಿ ಇದ್ರೆ ಪಿಂಗ್ ಓಡ್ತಿರೋವಾಗಲೇ ಒಂದು ಕೇಬಲ್ ಕಿತ್ತು ನೋಡಿ.